ನೀರು ಕುಡಿಯುವಷ್ಟು ಹೊತ್ತು

ಮೊನ್ನೆ ಅಂಗಡಿ ಖಾಲಿ ಮಾಡುವಾಗ ಹಳೆಯ ಕೀಬೋರ್ಡುಗಳ ರಾಶಿಯ ಕೆಳಗೆ ಒಂದು ರಿಮೋಟು ಸಿಕ್ಕಿತು. ಅದನ್ನು ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ರಬ್ಬರು ಕೈ ತಾಕಿದ ಕೂಡಲೇ ತುಂಡಾಗಿ ಉದುರಿತು. ಚೀಲ ಬಿಚ್ಚಿದರೆ ವಿಭೂತಿಯ ವಾಸನೆ... ನಾನು ನೂರಾರು ರಿಮೋಟು ರಿಪೇರಿ ಮಾಡಿದವನು. ಬೆವರಿನ ವಾಸನೆ, ಸೋರಿದ ಸೆಲ್ಲಿನ ವಾಸನೆ, ಒಳಗೆ ಸತ್ತ ಜಿರಳೆಯ ವಾಸನೆ, ಎಲ್ಲವೂ ಗೊತ್ತು. ವಿಭೂತಿ ವಾಸನೆಯ ರಿಮೋಟು ಮಾತ್ರ ಜಗತ್ತಿನಲ್ಲಿ ಒಂದೇ ಇದ್ದೀತು. ಅದು ನಮ್ಮ ಅಕ್ಕೋರದು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದು ಕರೆಯುತ್ತಾರೆ. ಇವರು ನನಗೆ ಮೂರನೇ ಇಯತ್ತೆ ಕಲಿಸಿದವರು, ಆಮೇಲೆ ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯವರು. ನಡುವೆ ಇದ್ದದ್ದು ಒಂದೇ ಗೋಡೆ. ಅವರಿಗೆ ಮದುವೆಯಾಗಿರಲಿಲ್ಲ. ಅಣ್ಣನ ಮಗ ಮತ್ತು ಅವನ ಹೆಂಡತಿಯ ಜೊತೆಗಿದ್ದರು. ತರಗತಿಯಲ್ಲಿ ಅವರು ಬಾಯಿ ಮಾಡಿದ್ದನ್ನು ನಾನು ಕೇಳಿಲ್ಲ. ಸುಣ್ಣದ ಕಡ್ಡಿ ಹಿಡಿದ ಕೈಯನ್ನು ಸುಮ್ಮನೆ ಮೇಲೆತ್ತುತ್ತಿದ್ದರು. ಮಗ್ಗಿ ಹೇಳುತ್ತಿದ್ದವರ ಬಾಯಿ ಅರ್ಧಕ್ಕೇ ಮುಚ್ಚುತ್ತಿತ್ತು. ಕೈ ಇಳಿಸಿದರೆ ನಿಲ್ಲಿಸಿದ ಕಡೆಯಿಂದಲೇ ಮಗ್ಗಿ ಮತ್ತೆ ಶುರುವಾಗಬೇಕು. ಹಿಂದಿನಿಂದ ಶುರು ಮಾಡಿದವರಿಗೆ ಕಿವಿ ಹಿಂಡುವ ಶಿಕ್ಷೆ ಇತ್ತು.

ನಿವೃತ್ತಿಯಾದ ಮೇಲೆ ಅದೇ ಕೈಗಳಿಗೆ ಸಂಧಿವಾತ ಬಂತು. ಬೆರಳುಗಳು ಒಳಕ್ಕೆ ಬಾಗಿ ಶುಂಠಿಯ ಬೇರಿನಂತೆ ಗಂಟುಗಂಟಾದವು. ಮೊಣಕಾಲು ಅದಕ್ಕೂ ಮೊದಲೇ ಹೋಗಿತ್ತು. ಪಡಸಾಲೆಯ ಮಂಚವೇ ಅವರ ಶಾಲೆಯಾಯಿತು. ಫ್ಯಾನು ಹಾಕಲು ಒಬ್ಬರನ್ನು ಕೂಗಬೇಕು, ತೆಗೆಯಲು ಇನ್ನೊಮ್ಮೆ ಕೂಗಬೇಕು. ಕೂಗಿ ಅಭ್ಯಾಸವಿಲ್ಲದ ಮನುಷ್ಯರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದಿದೆ?

ಅಣ್ಣನ ಮಗ ಒಳ್ಳೆಯವನು. ಕಾಲುವೆ ನೀರಿಗೆ ಅವರ ಹೊಲದಲ್ಲಿ ಭತ್ತ ಚೆನ್ನಾಗಿ ಬರುತ್ತಿದ್ದ ವರ್ಷಗಳವು. ಒಂದು ಸಲ ಹೈದರಾಬಾದಿಗೆ ಹೋದವನು ಒಂದು ಪೆಟ್ಟಿಗೆ ತಂದ. ಇಡೀ ಮನೆ ನಿಮ್ಮ ಕೈಯಲ್ಲಿ ಎಂದು ಅದರ ಮೇಲೆ ಬರೆದಿತ್ತು. ಗೋಡೆಯ ಮೇಲೆ ಎತ್ತರದಲ್ಲಿ ಒಂದು ಡಬ್ಬಿ ಕೂಡಿಸಿ ಅದಕ್ಕೆ ಬಲ್ಬು, ಫ್ಯಾನು, ಅಡುಗೆಮನೆಯ ಗಂಟೆ ಜೋಡಿಸಬೇಕು. ಕೈಯಲ್ಲೊಂದು ರಿಮೋಟು. ಅದರ ಗುಂಡಿಗಳು ಬಾರೆಹಣ್ಣಿನಷ್ಟು ದೊಡ್ಡವು. ಬಾಗಿದ ಬೆರಳಿನ ಗಂಟಿನಿಂದಲೇ ಒತ್ತಬಹುದಿತ್ತು. ಅದನ್ನು ಜೋಡಿಸಿಕೊಟ್ಟವನು ನಾನೇ. ಅಂದು ಸಂಜೆ ಅಕ್ಕೋರು ಫ್ಯಾನು ಹಾಕಿ, ನಿಲ್ಲಿಸಿ, ಮತ್ತೆ ಹಾಕಿ, ನನ್ನ ಕಡೆ ನೋಡಿದರು. ಹಳೆಯ ತರಗತಿಯ ಅದೇ ನೋಟ. ಧೂಳು ಕೂರಬಾರದೆಂದು ಸೊಸೆ ರಿಮೋಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಬ್ಬರ್ ಸುತ್ತಿದಳು.

ಅಲ್ಲಿಗೆ ಬಿಟ್ಟಿದ್ದರೆ ನನ್ನ ತಲೆ ತಣ್ಣಗಿರುತ್ತಿತ್ತು. ಒಂದು ವಾರಕ್ಕೆ ಗೋಡೆಯಾಚೆಯಿಂದ ಕರೆ ಬಂತು.

"ತಮ್ಮಾ, ಫ್ಯಾನ್ ನನ್ನ ಮಾತು ಕೇಳ್ತದ, ಲೈಟ್ ಕೇಳ್ತದ. ಈ ಕಂಪ್ಯೂಟರಿಗೇನು ಸೊಕ್ಕು? ಅದಕ್ಕೂ ಜರಾ ಕಲಿಸು."

ಅವರ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರಿತ್ತು. ಅದರಲ್ಲಿ ಅಕ್ಕೋರ ತಂದೆಯ ಹಾಡುಗಳಿದ್ದವು. ತಂದೆ ಶಿರವಾಳದವರು, ಭಜನೆಯಲ್ಲಿ ತತ್ವಪದ ಹಾಡುತ್ತಿದ್ದರು. ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅವರ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತಿದೆ ಎಂದು ನಾನೇ ಒಂದೊಂದನ್ನೂ ಒರೆಸಿ ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದೆ. ಹಾಡು ಕೇಳಬೇಕೆಂದರೆ ಸೊಸೆ ಬಂದು ಮೌಸ್ ಹಿಡಿದು ಹಚ್ಚಿ ಹೋಗುತ್ತಿದ್ದಳು. ಹಾಡು ಮುಗಿಯುವವರೆಗೆ ನಡೆಯುತ್ತಿತ್ತು. ಸಾಕಲ್ಲ, ಇನ್ನೇನು ಬೇಕು ಎಂದು ನಾನು ಕೇಳಿದೆ.

"ಹಚ್ಚೋದು ಯಾರರ ಹಚ್ತಾರೋ. ನನಗ ಬೇಕಾಗಿದ್ದು ನಿಂದ್ರಿಸೋದು," ಎಂದರು ಅಕ್ಕೋರು.

ಆಮೇಲೆ ಹೇಳಿದರು. ಅವರಿಗೆ ನೌಕರಿ ಸಿಕ್ಕ ಹೊಸತು. ಕಾಲುವೆ ಅಗೆಯುವ ಕೆಲಸಕ್ಕೆಂದು ಬಂದಿದ್ದ ಒಬ್ಬ ಓವರ್ಸಿಯರು ಶಿರವಾಳದಲ್ಲಿ ಅವರ ಮನೆಯ ಒಂದು ಖೋಲಿಯಲ್ಲಿ ಬಾಡಿಗೆಗಿದ್ದನಂತೆ. ಅವನ ಹತ್ತಿರ ಟೇಪ್ ರೆಕಾರ್ಡರ್ ಇತ್ತು. ಅಪ್ಪ ಹಾಡುವುದನ್ನು ಕೇಳಿ ಅವನೇ ಖಾಲಿ ಕ್ಯಾಸೆಟ್ಟು ಕೊಟ್ಟು, ತುಂಬಿಕೊಳ್ಳಿರಿ ಎಂದನಂತೆ. ಅಪ್ಪ ಗೋಡೆಗೊರಗಿ ಕುಳಿತು ಏಕತಾರಿ ಹಿಡಿದರೆ ಮಗಳು ಎದುರಿಗೆ ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂರುವುದು. ನಡುವೆ ಅಪ್ಪನಿಗೆ ಗಂಟಲು ಒಣಗುತ್ತಿತ್ತು. ನೀರು ಕೇಳುತ್ತಿದ್ದರು. ಮಗಳು ಟೇಪು ವ್ಯರ್ಥವಾಗಬಾರದೆಂದು ಯಂತ್ರವನ್ನು ತಡೆದು, ಕೊಡದಿಂದ ನೀರು ತಂದು ಕೊಟ್ಟು, ಕುಡಿದಾದ ಮೇಲೆ ಮತ್ತೆ ಗುಂಡಿ ಬಿಡುತ್ತಿದ್ದರು.

ಹಾಗಾಗಿ ಕ್ಯಾಸೆಟ್ಟಿನಲ್ಲಿ ಏನಾಗಿದೆ ಎಂದರೆ, ಮೂರನೇ ಹಾಡಿನ ನಡುವೆ ಅಪ್ಪ ಕೆಮ್ಮಿ, ಮಗಳಿಗೆ "ತಂಗೀ, ಜರಾ ನೀರು ಕೊಡವಾ" ಎನ್ನುತ್ತಾರೆ. ದೂರದಲ್ಲಿ ಕಾಲುವೆ ಕೆಲಸದ ಗಾಡಿಗಳ ಗುರುಗುರು ಕೇಳುತ್ತದೆ. ಮರುಕ್ಷಣಕ್ಕೇ ಹಾಡು ಮುಂದುವರಿಯುತ್ತದೆ. ಕುಡಿದದ್ದು ಎಲ್ಲಿಯೂ ಇಲ್ಲ. ನಾನು ಆ ಜಾಗವನ್ನು ಹತ್ತಾರು ಸಲ ಕೇಳಿದ್ದೆ. ಇಳಿಸುವಾಗ ಟೇಪು ಹರಿದಿದೆಯೇನೋ ಎಂದುಕೊಂಡಿದ್ದೆ, ಅಷ್ಟೇ.

"ಆತ ನೀರು ಕೇಳ್ತಾನ. ಕುಡಿಯೋಷ್ಟು ಹೊತ್ತರ ಹಾಡು ನಿಂದ್ರಬೇಕಿಲ್ಲೇನು? ಟೇಪಿದ್ದಾಗ ಕೈಲೆ ನಿಂದ್ರಸ್ತಿದ್ದೆ. ಈಗ ನೋಡು, ಕೇಳಿದ ಕೂಡ್ಲೇ ಮತ್ತ ಹಾಡಸ್ತದ ನಿನ್ನ ಮಶೀನು. ಒಣ ಗಂಟಲಿಲೆ."

ಒಂದೇ ದಿನದ ಕೆಲಸ ಅಕ್ಕೋರೇ, ಮಾಡಿಕೊಡುತ್ತೇನೆ ಎಂದೆ. ಆ ಮಾತಿಗೆ ನನ್ನ ನಾಲಿಗೆಯನ್ನು ನಾನೇ ಎಷ್ಟು ಸಲ ಬೈದುಕೊಂಡಿದ್ದೇನೋ.

ಒಂದು ಸಾಬೂನಿನ ಡಬ್ಬಿಗೆ ತೂತು ಕೊರೆದು, ಅದರಲ್ಲಿ ರಿಮೋಟಿನ ಬೆಳಕನ್ನು ಹಿಡಿಯುವ ಕಪ್ಪು ಕಣ್ಣೊಂದನ್ನು ಕೂಡಿಸಿ, ತಂತಿ ಎಳೆದು ಕಂಪ್ಯೂಟರಿಗೆ ಜೋಡಿಸಿದೆ. ಯಾವ ಗುಂಡಿ ಒತ್ತಿದರು ಎಂಬುದನ್ನು ತಿಳಿದು, ಹಾಡು ನುಡಿಸುವ ಪ್ಲೇಯರಿಗೆ ನಿಲ್ಲು, ನಡೆ ಎಂದು ಹೇಳುವ ಸಣ್ಣ ಪ್ರೋಗ್ರಾಮು ಬರೆದೆ. ಅಂಗಡಿಯಲ್ಲಿ ಚೆನ್ನಾಗಿ ನಡೆಯಿತು. ಅಕ್ಕೋರ ಮನೆಗೆ ಒಯ್ದರೆ ಹಾಡು ಬಿಕ್ಕಳಿಸತೊಡಗಿತು. ನಿಂತು, ನಡೆದು, ಮತ್ತೆ ನಿಂತು, ಮತ್ತೆ ನಡೆಯಿತು. ಆಮೇಲೆ ತಿಳಿಯಿತು. ಗುಂಡಿಯನ್ನು ಒತ್ತಿ ಹಿಡಿದರೆ ರಿಮೋಟು ಅದೇ ಮಾತನ್ನು ಮೇಲಿಂದ ಮೇಲೆ ಹೇಳುತ್ತದೆ. ಆ ಬೆರಳುಗಳು ಗುಂಡಿಯಿಂದ ಏಳಲು ಹೊತ್ತು ಹಿಡಿಯುತ್ತಿತ್ತು. ಅವರು ಒಂದು ಸಲ ನಿಲ್ಲು ಎಂದರೆ ಪ್ಲೇಯರಿಗೆ ಐದಾರು ಸಲ ಕೇಳುತ್ತಿತ್ತು.

ಅದನ್ನು ಸರಿಪಡಿಸಿದೆ. ಒಮ್ಮೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಕಿವುಡಾಗಿರು ಎಂದು ಬರೆದೆ. ಎರಡು ದಿನ ಸುಖವಾಗಿತ್ತು. ಮೂರನೇ ದಿನ ಮತ್ತೆ ಕರೆ. ಅಣ್ಣನ ಮಗ ಭತ್ತದ ರೇಟು ನೋಡಲು ಇನ್ನೇನನ್ನೋ ತೆರೆದು ಹಾಗೆಯೇ ಬಿಟ್ಟು ಹೋಗಿದ್ದ. ಪರದೆಯ ಮೇಲೆ ತಾನು ಎಲ್ಲರಿಗಿಂತ ಮುಂದೆ ಇಲ್ಲದಿದ್ದರೆ ಆ ಪ್ಲೇಯರು ಯಾರ ಮಾತೂ ಕೇಳುತ್ತಿರಲಿಲ್ಲ! ಮದುವೆ ಮನೆಯಲ್ಲಿ ಮುಂದಿನ ಸಾಲು ಸಿಗದೆ ಮುನಿಸಿಕೊಂಡ ಬೀಗರ ಹಾಗೆ. ಅದಕ್ಕೂ ಒಂದು ಉಪಾಯ ಮಾಡಿದೆ. ಅಷ್ಟರಲ್ಲಿ ಪ್ಲೇಯರಿನ ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳುತ್ತೀರಾ ಎಂದು ಪರದೆ ಕೇಳಿತಂತೆ. ಪರದೆ ಏನು ಕೇಳಿದರೂ ಹೂಂ ಎನ್ನುವುದು ಆ ಮನೆಯ ಮರ್ಯಾದೆ. ಹೂಂ ಎಂದರು. ನನ್ನ ಪ್ರೋಗ್ರಾಮಿನ ಮಾತು ಹೊಸ ಪ್ಲೇಯರಿಗೆ ತಿಳಿಯದಾಯಿತು.

ಸಿಟ್ಟು ಬಂದು ಪ್ಲೇಯರು ಮಾಡಿದವರಿಗೇ ಬರೆದೆ. ನನಗೆ ತಿಳಿದ ಹರಕು ಇಂಗ್ಲಿಷಿನಲ್ಲಿ, ನಮ್ಮ ಅಕ್ಕೋರ ಕೈಬೆರಳು, ಗುಂಡಿ, ನಿಲ್ಲಿಸುವ ತೊಂದರೆ ಎಲ್ಲವನ್ನೂ ವಿವರಿಸಿದೆ. ನಮ್ಮಲ್ಲಿ ಸರಿಯಾಗಿಯೇ ನಡೆಯುತ್ತಿದೆ ಎಂದು ಉತ್ತರ ಬಂತು. ನಿಮ್ಮಲ್ಲಿ ನಡೆಯುತ್ತದಪ್ಪ, ನಿಮ್ಮಲ್ಲಿ ಏನು ನಡೆಯುವುದಿಲ್ಲ?

ಇದರ ಮೇಲೆ ಕರೆಂಟಿನ ಕಾಟ. ಕರೆಂಟು ಹೋಗಿ ಬಂದರೆ ಯಾರಾದರೂ ಬಂದು ಪ್ಲೇಯರು ತೆರೆಯಬೇಕಿತ್ತು. ಅದೂ ಬೇಡವೆಂದು, ಕಂಪ್ಯೂಟರು ಶುರುವಾದೊಡನೆ ತಾನೇ ಹಾಡುವಂತೆ ಮಾಡಿದೆ. ಒಂದು ಮಧ್ಯಾಹ್ನ, ಓಣಿಯೆಲ್ಲ ಉಂಡು ಮಲಗಿದ ಹೊತ್ತಿಗೆ ಕರೆಂಟು ಬಂದು, ಅಕ್ಕೋರ ಅಪ್ಪ ಪೂರ್ತಿ ಧ್ವನಿಯಲ್ಲಿ ತತ್ವಪದ ಎತ್ತಿದರು. ನಮ್ಮ ಕಡೆ ಸಾವಿನ ಮನೆಯಲ್ಲೂ ಇವೇ ಪದ ಹಾಡುತ್ತಾರೆ. ಎದುರು ಮನೆಯವರು, ಇಲ್ಲಿ ಯಾರೋ ತೀರಿಕೊಂಡರೆಂದು ತಲೆ ಮೇಲೆ ಸೆರಗು ಹಾಕಿಕೊಂಡು ಓಡಿ ಬಂದರು. ಅಕ್ಕೋರು ಮಂಚದ ಮೇಲೆ ಗಟ್ಟಿಯಾಗಿ ಕೂತಿದ್ದರು.

"ನಾ ಇನ್ನೂ ಗಟ್ಟಿ ಅದೀನ್ರವಾ. ಬಂದೀರಿ, ಚಾ ಕುಡದು ಹೋಗ್ರಿ," ಎಂದರಂತೆ.

ಅಂತೂ ಒಂದು ದಿನ ಎಲ್ಲವೂ ಕೂಡಿಬಂತು. ನಾನು ಬಾಗಿಲಲ್ಲೇ ನಿಂತಿದ್ದೆ. ಮೂರನೇ ಹಾಡು, ಕೆಮ್ಮು, ನೀರು ಕೇಳುವ ದನಿ. ಅಕ್ಕೋರು ರಿಮೋಟು ಹಿಡಿದ ಕೈಯನ್ನು ಮೇಲೆತ್ತಿದರು. ನಾನು ಮೂರನೇ ಇಯತ್ತೆಯಲ್ಲಿ ಕಂಡ ಅದೇ ಕೈ. ಹಾಡು ನಿಂತಿತು. ಮನೆಯಲ್ಲಿ ಫ್ಯಾನಿನ ಸದ್ದೊಂದೇ. ಅವರು ಕಣ್ಣು ಮುಚ್ಚಿದ್ದರು. ತುಟಿ ತುಸು ಅಲುಗುತ್ತಿತ್ತು. ಒಂದು ತಂಬಿಗೆ ನೀರು ನಿಧಾನವಾಗಿ ಕುಡಿದು ಮೀಸೆ ಒರೆಸಿಕೊಳ್ಳುವಷ್ಟು ಹೊತ್ತಾಗಿರಬೇಕು... ಕೈ ಇಳಿಯಿತು. ನಿಲ್ಲಿಸಿದ ಕಡೆಯಿಂದಲೇ ಅಪ್ಪ ಹಾಡಿದರು. ಅಕ್ಕೋರು ನನ್ನನ್ನು ಹೊಗಳಲಿಲ್ಲ, ಶಾಲೆಯಲ್ಲೂ ಹೊಗಳಿದವರಲ್ಲ. ನನಗೆ ಮಾತ್ರ ಅಳು ಬಂದಿತ್ತು, ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಬಂದೆ.

ಆ ಸುಖವೂ ಮಹಾನವಮಿಯವರೆಗೆ. ಹಬ್ಬದ ಮರುದಿನ, "ನಿಂದ್ರವಲ್ದು ತಮ್ಮಾ" ಎಂದು ಗೋಡೆಯಾಚೆಯಿಂದ ಅದೇ ದನಿ. ಹೋಗಿ ನೋಡಿದೆ. ಅದೇ ರಿಮೋಟಿಗೆ ಫ್ಯಾನು ತಿರುಗುತ್ತಿತ್ತು, ಬಲ್ಬು ಹತ್ತುತ್ತಿತ್ತು. ಹಾಡು ಮಾತ್ರ ನಿಲ್ಲುತ್ತಿರಲಿಲ್ಲ. ರಿಮೋಟು ಸರಿ ಇದೆ ಎಂದಮೇಲೆ ತಪ್ಪು ನನ್ನ ಪ್ರೋಗ್ರಾಮಿನದೇ ಎಂದುಕೊಂಡೆ. ಪ್ಲೇಯರನ್ನು ತೆಗೆದು ಮತ್ತೆ ಹಾಕಿದೆ. ಪ್ರೋಗ್ರಾಮನ್ನು ಮೊದಲಿನಿಂದ ಬರೆದೆ. ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ತುಂಬಿದೆ. ಅಂಗಡಿಗೆ ಬಂದ ಗಿರಾಕಿಗಳು ಮುಚ್ಚಿದ ಬಾಗಿಲು ನೋಡಿ ತಿರುಗಿ ಹೋದರು, ಮನೆಯವಳು ಅಕ್ಕೋರ ಮನೆಗೇ ಹಾಸಿಗೆ ಒಯ್ದುಬಿಡಿ ಎಂದಳು. ವಾರವೆಲ್ಲ ಹೈರಾಣಾದೆ. ಅಪ್ಪ ನೀರು ಕೇಳುವ ಜಾಗ ಬಂದಾಗ ಅಕ್ಕೋರು ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಅದನ್ನು ನೋಡಲಾಗದೆ ಕಂಪ್ಯೂಟರನ್ನು ಎತ್ತಿ ಬಾವಿಗೆ ಹಾಕಬೇಕು ಅನಿಸುತ್ತಿತ್ತು.

ಕಡೆಗೆ ಸೋತು, ಕಂಪ್ಯೂಟರಿಟ್ಟಿದ್ದ ಹಲಗೆಯ ಮೇಲಿನ ಸಾಬೂನಿನ ಡಬ್ಬಿಯನ್ನು ಬೆಳಕಿಗೆ ಹಿಡಿದೆ. ಕಪ್ಪು ಕಣ್ಣಿನ ಮೇಲೆ ಅಚ್ಚುಕಟ್ಟಾಗಿ ಮೂರು ಬೆರಳಿನ ವಿಭೂತಿ! ನಡುವೆ ಒಂದು ಕುಂಕುಮದ ಬೊಟ್ಟು. ಗೋಡೆಯ ಮೇಲಿನ ಡಬ್ಬಿ ಕೈಗೆ ಎಟುಕದ್ದರಿಂದ ಫ್ಯಾನು, ಬಲ್ಬು ಬಚಾವಾಗಿದ್ದವು. ಇದು ಕೈಗೆ ಎಟುಕಿತ್ತು.

"ಆಯುಧ ಪೂಜಿ ಅಲ್ಲೇನ್ರೀ? ಟ್ರ್ಯಾಕ್ಟರಿಗಿ ಹಚ್ಚಿದೆ, ಕಂಪ್ಯೂಟರಿಗಿ ಹಚ್ಚಿದೆ. ಇದೊಂದಕ್ಕ ಬಿಟ್ರ ಪಾಪ ಅನಸೂದಿಲ್ಲೇನು?" ಎಂದಳು ಸೊಸೆ.

"ಹಚ್ಚವಾ ತಾಯಿ, ಬಾಜೂಕ ಹಚ್ಚು. ಕಣ್ಣಿಗಿ ಹಚ್ಚಿದ್ರ ಅದಕ್ಕ ಕಾಣಸೂದು ಹ್ಯಾಂಗ?" ಎಂದು ನಾನು ಕೂಗಾಡಿದೆ. ಮಂಚದ ಮೇಲೆ ಅಕ್ಕೋರು ನಗಲು ಶುರು ಮಾಡಿದವರು ಕೆಮ್ಮು ಬರುವವರೆಗೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಒದ್ದೆ ಬಟ್ಟೆಯಿಂದ ಒರೆಸಿದೆ. ಹಾಡು ನಿಂತಿತು. ಅಂದಿನಿಂದ ಸೊಸೆ ವಿಭೂತಿಯನ್ನು ಡಬ್ಬಿಯ ಪಕ್ಕಕ್ಕೆ, ರಿಮೋಟಿನ ಬೆನ್ನಿಗೆ ಹಚ್ಚತೊಡಗಿದಳು.

ಹೀಗೆ ಕೆಡುತ್ತಾ ಸರಿಯಾಗುತ್ತಾ ಮೂರ್ನಾಲ್ಕು ವರ್ಷ ನಡೆಯಿತು. ಕಾಲುವೆಗೆ ನೀರು ಬಿಡುವುದನ್ನು ನಿಲ್ಲಿಸಿದ್ದ ಬೇಸಿಗೆಯ ಒಂದು ಬೆಳಿಗ್ಗೆ, ಸೊಸೆ ಚಹಾ ತಂದು ಎಬ್ಬಿಸಿದಾಗ ಅಕ್ಕೋರು ಏಳಲಿಲ್ಲ.

ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ, ತೋಳು, ಆ ಬಾಗಿದ ಬೆರಳುಗಳು, ಎಲ್ಲ ಕಡೆ ವಿಭೂತಿ. ಶಿರವಾಳದಿಂದ ಭಜನೆಯವರು ಬರುವುದು ತಡವಿತ್ತು. ಅಲ್ಲಿಯವರೆಗೆ ಅಕ್ಕೋರ ಅಪ್ಪನ ಹಾಡೇ ಇರಲಿ ಎಂದು ಹಿರಿಯರೊಬ್ಬರು ಹೇಳಿದರು. ಅಣ್ಣನ ಮಗ ಎಲ್ಲಿಂದಲೋ ದೊಡ್ಡ ಸ್ಪೀಕರು ತಂದು ಜೋಡಿಸಿದ. ಸೊಸೆ ಅಳುತ್ತಲೇ ರಿಮೋಟನ್ನು ನನ್ನ ಕೈಗೆ ಕೊಟ್ಟಳು.

"ಎಲ್ಲಿ ನಿಂದ್ರಿಸಬೇಕು ಅನ್ನೋದು ನಿಮಗೇ ಗೊತ್ತದರಿ. ನೀವೇ ಹಿಡೀರಿ."

ಆ ಒಂದು ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ, ಆ ದುಃಖದಲ್ಲೂ ನನಗೆ ಒಂದು ಬಗೆಯ ಹೆಮ್ಮೆ ಅನಿಸಿತ್ತು. ಇಂದು ಅವರ ಕೈ ಏಳುವುದಿಲ್ಲ, ಅವರ ಬದಲು ನಾನು ಎತ್ತುತ್ತೇನೆ. ಮೊದಲ ಹಾಡು ಮುಗಿಯಿತು. ಎರಡನೆಯದು ಮುಗಿಯಿತು. ಮನೆ ತುಂಬ ಜನ. ಹೆಣ್ಣುಮಕ್ಕಳು ಅಕ್ಕೋರ ಸುತ್ತ ಕೂತಿದ್ದರು. ಕಂಪ್ಯೂಟರಿನ ಹಲಗೆ ಅವರ ಆಚೆಗಿತ್ತು. ನಾನು ಎಲ್ಲರ ತಲೆಯ ಮೇಲಿಂದ ಗುರಿ ಹಿಡಿದು ನಿಂತೆ. ಮೂರನೇ ಹಾಡು. ಕೆಮ್ಮು...

"ತಂಗೀ, ಜರಾ ನೀರು ಕೊಡವಾ."

ಒತ್ತಿದೆ. ನಿಲ್ಲಲಿಲ್ಲ. ಮತ್ತೆ ಒತ್ತಿದೆ. ನಿಲ್ಲಲಿಲ್ಲ. ಜನರನ್ನು ದಾಟಿ, ಯಾರದೋ ಸೆರಗು ತುಳಿದು, ಬೈಸಿಕೊಂಡು ಹಲಗೆಯ ಹತ್ತಿರ ಹೋದೆ. ಸಾಬೂನಿನ ಡಬ್ಬಿಯ ಕಪ್ಪು ಕಣ್ಣಿನ ಮೇಲೆ ಮೂರು ಬೆರಳು ಹಸಿ ವಿಭೂತಿ. ಇನ್ನೂ ಒಣಗಿರಲಿಲ್ಲ.

ನಾನು ಹೆಬ್ಬೆರಳಿನಿಂದ ಒರೆಸುವ ಹೊತ್ತಿಗೆ ಅಪ್ಪ ಮತ್ತೆ ಹಾಡು ಹಿಡಿದಾಗಿತ್ತು. ಯಾರಿಗೂ ಏನೂ ಅನಿಸಲಿಲ್ಲ. ಹಾಡು ಹಾಡಿನ ಪಾಡಿಗೆ ನಡೆದಿತ್ತು. ನಾನು ಸೊಸೆಯ ಕಡೆ ತಿರುಗಿದೆ. ನನ್ನ ಮುಖದಲ್ಲಿ ಏನಿತ್ತೋ, ಅವಳು ಹೆದರಿ ಎದ್ದು ನಿಂತಳು.

"ಅತ್ತಿ ಹಣಿಗಿ ಹಚ್ಚಿದ ಕೈಲೆ ಅದಕ್ಕೂ ಹಚ್ಚಿಬಿಟ್ಟೆನ್ರಿ... ಅದೂ ಆಕೀದೇ ಅಲ್ಲೇನ್ರಿ?"

ಇನ್ನು ಯಾರ ಮೇಲೆ ಸಿಟ್ಟಾಗಲಿ? ಪ್ಲೇಯರು ಮಾಡಿದವರ ಮೇಲೆ ಆಗಬಹುದಿತ್ತು, ಕರೆಂಟಿನ ಮೇಲೆ ಆಗಬಹುದಿತ್ತು. ಅಂದು ಎರಡೂ ಸರಿಯಾಗಿಯೇ ಇದ್ದವು. ನನ್ನ ಪ್ರೋಗ್ರಾಮೂ ಸರಿಯಾಗಿತ್ತು. ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಬಹುದಿತ್ತು ಎಂದು ಈಗ ಹೇಳುವುದು ಸುಲಭ. ಅಷ್ಟರಲ್ಲಿ ಭಜನೆಯವರು ತಾಳ ಬಡಿಯುತ್ತಾ ಓಣಿಯೊಳಗೆ ಬಂದಿದ್ದರು, ಅಣ್ಣನ ಮಗ ಸ್ಪೀಕರಿನ ವಯರು ಕಿತ್ತಿದ್ದ. ಮಗಳು ಕೂತಿದ್ದ ಮನೆಯಲ್ಲೇ ಅಂದು ಅಪ್ಪ ನೀರಿಲ್ಲದೆ ಹಾಡಿದರು. ಆ ಸಂಕಟ ನನಗೆ ಇಂದಿಗೂ ಇಳಿದಿಲ್ಲ.

ಅಕ್ಕೋರ ದಿನಕರ್ಮ ಮುಗಿದ ಮೇಲೆ ಸೊಸೆ ರಿಮೋಟನ್ನು ತಂದುಕೊಟ್ಟಳು. ಬೆನ್ನಿಗೆ ಹಚ್ಚಿದ್ದ ವಿಭೂತಿ ಹಾಗೆಯೇ ಇತ್ತು. ನಾನು ಚೀಲ ಬಿಚ್ಚದೆ ಅಂಗಡಿಯಲ್ಲಿ ಎಲ್ಲೋ ಇಟ್ಟೆ. ಮೇಲೆ ಕೀಬೋರ್ಡುಗಳು ಬಿದ್ದವು, ವರ್ಷಗಳು ಬಿದ್ದವು.

ಈಗ ಕಂಪ್ಯೂಟರು ರಿಪೇರಿಗೆ ತರುವವರು ಕಡಿಮೆ. ಅದಕ್ಕೇ ಅಂಗಡಿ ಬಿಡುತ್ತಿದ್ದೇನೆ. ಹಾಡು ಹಚ್ಚು ಎಂದು ಬಾಯಲ್ಲಿ ಹೇಳಿದರೆ ಹಚ್ಚುವ, ನಿಲ್ಲು ಎಂದರೆ ನಿಲ್ಲುವ ಡಬ್ಬಿಗಳು ಬಂದಿವೆಯಂತೆ. ಅಷ್ಟು ಸುಲಭವಂತೆ! ಗಿರಾಕಿಗಳು ಹೀಗೆ ಹೇಳುವಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ. ಇವು ಬರುವುದಕ್ಕೆ ಇಷ್ಟು ತಡ ಯಾಕೆ ಮಾಡಬೇಕಿತ್ತು?

ಅಕ್ಕೋರ ಅಪ್ಪನ ಹಾಡುಗಳು ನನ್ನ ಫೋನಿನಲ್ಲಿವೆ. ಮೊನ್ನೆ ರಿಮೋಟನ್ನು ಮೇಜಿನ ಮೇಲಿಟ್ಟು ಮೂರನೇ ಹಾಡು ಹಚ್ಚಿದೆ. ಕೆಮ್ಮಿದರು, ನೀರು ಕೇಳಿದರು. ಗಾಜಿನ ಮೇಲೆ ಬೆರಳು ಮುಟ್ಟಿಸಿದೆ, ಕೂಡಲೇ ನಿಂತಿತು. ಖಾಲಿ ಅಂಗಡಿಯಲ್ಲಿ, ಒಂದು ತಂಬಿಗೆ ನೀರು ಕುಡಿಯುವಷ್ಟು ಹೊತ್ತು ಸುಮ್ಮನೆ ನಿಂತೆ. ಹೊತ್ತಾಯಿತು ಎಂದು ಗೊತ್ತಾಯಿತು. ಬೆರಳು ಎತ್ತಿ ಹಾಗೆಯೇ ಹಿಡಿದುಕೊಂಡಿದ್ದೆ... ಮತ್ತೆ ಒತ್ತಬೇಕಾದವನು ನಾನಲ್ಲ.